ಆಂಟೆನಾ ಕಂಬದ ಬುಡದಿಂದ ಯಂತ್ರಮಿತ್ರರಿಗೆ

ಕೊಡಂಗೆಬೆಟ್ಟು ಗುತ್ತು,
ಸಿದ್ಧಕಟ್ಟೆ, ಬಂಟ್ವಾಳ ತಾಲೂಕು
ತಾ. ೨-೨-೧೯೮೬

ವಾರಪತ್ರಿಕೆಯ ನಾಲ್ಕನೆಯ ಪುಟದಲ್ಲಿ ‘ಮನೆಯ ಯಂತ್ರ, ನಮ್ಮ ಮಂತ್ರ’ ಎಂಬ ಅಂಕಣ ಬರೆಯುವ ಮಾನ್ಯ ಯಂತ್ರಮಿತ್ರರೇ,

ತಮಗೂ, ತಮ್ಮ ಮನೆಯವರಿಗೂ, ತಮ್ಮ ಮನೆಯಲ್ಲಿರಬಹುದಾದ ರೇಡಿಯೋ, ಮಿಕ್ಸಿ, ಇಸ್ತ್ರಿಪೆಟ್ಟಿಗೆ ಮತ್ತು ಟಿ.ವಿ.ಗಳಿಗೂ ಈ ಗುತ್ತಿನ ಮನೆಯ ಆಡಳಿತ ನಡೆಸುವ ನೀಲಾವತಿ ಶೆಡ್ತಿಯ ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮವಾಗಿ ಕುಳಿತಿದ್ದಾರೆ. ನಾನು ಮಾತ್ರ ನಿಂತಿದ್ದೇನೆ. ಈ ಪತ್ರವನ್ನು ಬಲಗೈಯಲ್ಲಿ ಬರೆಯುತ್ತಿದ್ದೇನೆ, ಎಡಗೈ ಆಂಟೆನಾ ಕಂಬದ ಮೇಲಿದೆ. ಅಕ್ಷರ ಅಲ್ಲಲ್ಲಿ ಓರೆಯಾಗಿದ್ದರೆ ಒಳಗೆ ಹಿಂದಿ ವಾರ್ತೆ ಸ್ಪಷ್ಟವಾಗಿ ಬರುತ್ತಿದೆ ಎಂದು ತಾವು ತಿಳಿದು ಸಂತೋಷಪಡಬೇಕು.

ಮೊದಲು ತಮ್ಮ ಗುಣಗಾನ. ಟಾರ್ಚಿನ ಸೆಲ್ಲು ಬಡವಾದರೆ ಬಿಸಿಲಿಗೆ ಇಡಬೇಕೆಂದು ತಾವು ಬರೆದ ವಾರದಿಂದ ನಮ್ಮ ಹಪ್ಪಳದ ಚಾಪೆಯಲ್ಲಿ ಹಪ್ಪಳಕ್ಕಿಂತ ಸೆಲ್ಲುಗಳೇ ಹೆಚ್ಚು ಒಣಗಿವೆ. ಹತ್ತು ನಿಮಿಷ ಓಡಿದ ಮಿಕ್ಸಿಗೆ ಹತ್ತು ನಿಮಿಷ ವಿಶ್ರಾಂತಿ ಕೊಡಬೇಕೆಂದಿರಿ. ಕೊಟ್ಟೆವು, ಈ ಮನೆಯಲ್ಲಿ ಈಗ ಅದಕ್ಕಿರುವಷ್ಟು ಬಿಡುವು ನನಗಿಲ್ಲ. ರೇಡಿಯೋ ಗೊರಗುಟ್ಟಿದರೆ ಅರ್ತಿಂಗ್ ಗುಂಡಿಗೆ ಉಪ್ಪುನೀರು ಹೊಯ್ಯಿರಿ ಎಂದಿರಿ. ಹೊಯ್ದೆವು, ರೇಡಿಯೋ ಸುಮ್ಮನಾಯಿತು, ಪಕ್ಕದ ಬಸಳೆಚಪ್ಪರವೂ ಸುಮ್ಮನಾಯಿತು. ನಾನು ಒಂದು ಮಾತು ದೂರಲಿಲ್ಲ. ನಾನು ಮೂಡುಬಿದಿರೆಯಲ್ಲಿ ಹೈಸ್ಕೂಲು ಓದಿದವಳು. ಅಚ್ಚಾದ ಮಾತಿಗೆ ಮರ್ಯಾದೆ ಕೊಡಬೇಕೆಂದು ನಮಗೆ ಅಲ್ಲಿ ಕಲಿಸಿದ್ದರು.

ಹೀಗಿರುವಾಗ ಕಳೆದ ದೀಪಾವಳಿಗೆ ನನ್ನ ತಮ್ಮ ಮುಂಡಪ್ಪ ಮಂಗಳೂರಿನಿಂದ ಕಪ್ಪು ಬಿಳುಪಿನ ಟಿ.ವಿ. ತಂದ. ಮರದ ಪೆಟ್ಟಿಗೆ, ಎದುರಿಗೆ ಎಳೆದು ಮುಚ್ಚುವ ಬಾಗಿಲು, ಬಾಗಿಲಿಗೆ ಬೀಗ. ಬೀಗದ ಕೈ ಭತ್ತ ತುಂಬುವ ಪತ್ತಾಯದ ಬೀಗದ ಕೈಯ ಜೊತೆ ನನ್ನ ಸೊಂಟಕ್ಕೆ ಬಂತು. ಪಾಣೆಮಂಗಳೂರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿರುವ ಅಬ್ದುಲ್ ರವೂಫ್ ಬಂದು ಅಂಗಳದ ಮೂಲೆಯಲ್ಲಿ ನಲವತ್ತು ಅಡಿಯ ಕಬ್ಬಿಣದ ಪೈಪು ನಿಲ್ಲಿಸಿ, ತುದಿಗೆ ಆಂಟೆನಾ ಕಟ್ಟಿ, ಅದರ ತಂತಿಯನ್ನು ಚಾವಡಿಯ ಕಿಟಕಿಯಿಂದ ಒಳಗೆ ತಂದು, ಕಿಟಕಿಗೆ ಬೆನ್ನು ಹಾಕಿ ಕುಳಿತ ಟಿ.ವಿ.ಗೆ ಸಿಕ್ಕಿಸಿದ. ಮಂಗಳೂರಿನ ಪ್ರಸಾರ ಕೇಂದ್ರಕ್ಕೂ ನಮಗೂ ನಡುವೆ ಒಂದು ಗುಡ್ಡವಿದೆ. ಸ್ವಿಚ್ ಹಾಕಿದಾಗ ಪರದೆಯ ಮೇಲೆ ಕಂಡದ್ದನ್ನು ತಾವು ತಮ್ಮ ಅಂಕಣದಲ್ಲಿ ‘ಹಿಮ ಸುರಿಯುವುದು’ ಎನ್ನುತ್ತೀರಿ. ನಾವು ಹಿಮ ಕಂಡವರಲ್ಲ. ನಮಗೆ ಕಂಡದ್ದು ಅಕ್ಕಿ ಕೇರುವಾಗ ಹಾರುವ ತೌಡು. ಆ ತೌಡಿನ ಹಿಂದೆ ಯಾರೋ ಹಿಂದಿ ಮಾತನಾಡುತ್ತಿದ್ದರು.

ಆ ವಾರವೇ ತಮ್ಮ ಸಲಹೆ ಅಚ್ಚಾಯಿತು. “ಕಂಬವನ್ನು ನಿಧಾನವಾಗಿ ತಿರುಗಿಸಿ ದಿಕ್ಕು ಕಂಡುಕೊಳ್ಳಬೇಕು. ಈ ಜವಾಬ್ದಾರಿಯ ಕೆಲಸವನ್ನು ಮಕ್ಕಳಿಗೋ ಆಳುಗಳಿಗೋ ಬಿಡದೆ ಮನೆಯ ಮುಖ್ಯಸ್ಥರೇ ಮಾಡತಕ್ಕದ್ದು. ಹೆಂಗಸರು ಒಳಗೆ ಕುಳಿತು ಚಿತ್ರ ಬಂತೋ ಇಲ್ಲವೋ ಎಂದು ಕೂಗಿ ಹೇಳಿದರೆ ಸಾಕು.” ಇದನ್ನು ಗಟ್ಟಿಯಾಗಿ ಓದಿ ಮುಂಡಪ್ಪ ಪಂಚೆ ಎತ್ತಿ ಕಟ್ಟಿ ಎದ್ದ. ನನ್ನ ಗಂಡ ಶೀನಪ್ಪನವರೂ ಎದ್ದರು. ತಾವು ಯಾವ ಊರಿನವರೋ ನನಗೆ ತಿಳಿಯದು. ನಮ್ಮದು ಅಳಿಯಕಟ್ಟಿನ ಮನೆತನ. ಇಲ್ಲಿ ಮನೆ ತಾಯಿಯಿಂದ ಮಗಳಿಗೆ ಬರುತ್ತದೆ, ಗಂಡ ಬರುವುದು ಅತಿಥಿಯಾಗಿ, ಮತ್ತು ನನ್ನ ಗಂಡ ಮೂವತ್ತೆಂಟು ವರ್ಷಗಳಿಂದ ಬಹಳ ಒಳ್ಳೆಯ ಅತಿಥಿಯಾಗಿದ್ದಾರೆ. “ಕೂತ್ಕೊಳ್ಳಿ ಇಬ್ಬರೂ” ಎಂದೆ. “ಈ ಮನೆಯ ಮುಖ್ಯಸ್ಥರು ಯಾರು ಅಂತ ಪೇಪರಿನವರಿಗೆ ಗೊತ್ತಿಲ್ಲದಿರಬಹುದು, ನಿಮಗೆ ಗೊತ್ತುಂಟಲ್ಲ?” ಇಬ್ಬರೂ ಕುಳಿತರು. ನಾನು ಅಂಗಳಕ್ಕಿಳಿದು ಕಂಬ ಹಿಡಿದೆ. ಹಿಡಿದದ್ದಷ್ಟೇ, ಇನ್ನೂ ತಿರುಗಿಸಿರಲಿಲ್ಲ, ಒಳಗಿನಿಂದ ನನ್ನ ತಂಗಿ ಕುಸುಮ ಕೂಗಿದಳು: “ಅಕ್ಕಾ, ಬಂತು! ಮೂಗು ಸಮೇತ ಬಂತು!”

ಕೈ ಬಿಟ್ಟೆ, ಹೋಯಿತು. ಹಿಡಿದೆ, ಬಂತು.

ತಾವು ವಿಜ್ಞಾನ ಬಲ್ಲವರು, ಆದ್ದರಿಂದ ನಾವು ನಡೆಸಿದ ಪರೀಕ್ಷೆಗಳನ್ನೂ ತಿಳಿಸಬೇಕು. ಮುಂಡಪ್ಪ ಹಿಡಿದರೆ ಪರದೆಯ ತುಂಬ ಅಡ್ಡಗೆರೆ. ಶೀನಪ್ಪನವರು ಹಿಡಿದರೆ ಮಾತು ಮಾತ್ರ, ಮುಖವಿಲ್ಲ. ಬೀಡಿ ಸುರುಟುವ ಮೊರದೊಂದಿಗೆ ನಮ್ಮ ಜಗಲಿಗೆ ಬಂದು ಕೂರುವ ನೆರೆಮನೆಯ ಸೈನಬ ಹಿಡಿದಾಗ ಒಬ್ಬ ಮಂತ್ರಿ ಕಾಣಿಸಿಕೊಂಡು ಎರಡಾಗಿ ಹೋದ. ನನ್ನ ತೂಕಕ್ಕೆ ಸರಿಯಾಗಿ ಒಂದೂವರೆ ಮುಡಿ ಅಕ್ಕಿಯನ್ನು ಕಂಬಕ್ಕೆ ಒರಗಿಸಿ ನೋಡಿದರು. ಅದಕ್ಕೆ ನನ್ನ ಸೀರೆ ಸುತ್ತಿದರು. ಬೀಗದ ಕೈಗೊಂಚಲನ್ನೂ ತೂಗಿಸಿದರು. ಪೈಪು ಮೋಸ ಹೋಗಲಿಲ್ಲ. ಮತ್ತೆ ಕರೆಸಿದಾಗ ರವೂಫ್ ಮೂರು ಸಲ ಕಂಬ ಸುತ್ತಿ ಬಂದು, “ಅಮ್ಮ, ಇದು ಫಿಟ್ಟಿಂಗಿನ ದೋಷ ಅಲ್ಲ ಮಾರಾಯ್ರೆ, ನಿಮ್ಮ ಕೈಗುಣ” ಎಂದು ಹೇಳಿ ಸೈಕಲ್ ಹತ್ತಿದ. ನಿಜ ಹೇಳುತ್ತೇನೆ, ಆ ದಿನ ನನಗೆ ಸ್ವಲ್ಪ ಸಂತೋಷವೇ ಆಯಿತು. ಒಂದು ಪೈಪಿಗಾದರೂ ಮನೆತನ ತಿಳಿಯಿತಲ್ಲ ಎಂದುಕೊಂಡೆ.

ಆದರೂ ಇದಕ್ಕೆ ಪರಿಹಾರವೇನೆಂದು ತಮಗೆ ಕಾರ್ಡು ಬರೆದೆ. ತಾವು ಅದನ್ನು ಕಡೆಗಣಿಸಲಿಲ್ಲ, ಮೂರು ಸಾಲಿನ ಉತ್ತರ ಅಚ್ಚುಹಾಕಿಸಿದಿರಿ: “ಮಾನವ ಶರೀರವೂ ಒಂದು ವಾಹಕವೇ. ಗಾಬರಿ ಬೇಡ. ಫಲಿತಾಂಶ ತೃಪ್ತಿಕರವಾಗಿರುವುದರಿಂದ ಅದೇ ಸ್ಥಿತಿಯಲ್ಲಿ ಮುಂದುವರಿಯಿರಿ.”

ಮುಂದುವರಿದೆ. ಸಂಜೆ ಕಾಫಿ ಕುಡಿದು ಅಂಗಳಕ್ಕಿಳಿದರೆ ಊಟದ ಹೊತ್ತಿನವರೆಗೆ ನಾನು ಸರಕಾರದ ಸೊತ್ತು. ಗೋಧಿಗೆ ಯಾವಾಗ ನೀರು ಬಿಡಬೇಕೆಂಬುದು ಈಗ ಇಡೀ ಸಿದ್ಧಕಟ್ಟೆಗೆ ಗೊತ್ತಿದೆ. ಸಿದ್ಧಕಟ್ಟೆಯಲ್ಲಿ ಗೋಧಿ ಬೆಳೆಯುವುದಿಲ್ಲ ಎಂಬುದೊಂದೇ ಕೊರತೆ. ಬೇಲಿಯ ತಕರಾರು ತೀರ್ಮಾನಿಸಿಕೊಡಿ ಎಂದು ಇಬ್ಬರು ಒಕ್ಕಲಿನವರು ಬಂದಾಗ ಕಂಬದ ಬುಡದಲ್ಲೇ ಪಂಚಾಯತಿ ಕೂಡಿಸಿದೆ, ಬಲಗೈ ಎತ್ತಿ ಗಡಿ ತೋರಿಸಿದ ಕ್ಷಣ ಒಳಗೆ ವಾರ್ತೆ ಓದುವವಳ ಕುತ್ತಿಗೆ ಹೋಯಿತಂತೆ, “ದೊಡ್ಡಮ್ಮಾ, ಕೈ ಕೆಳಗೆ!” ಎಂದು ಹನ್ನೆರಡು ಮಂದಿ ಒಟ್ಟಾಗಿ ಗದರಿಸಿದರು. ಈ ಮನೆಯಲ್ಲಿ ನನ್ನನ್ನು ಗದರಿಸಿದ ಕೊನೆಯ ಮನುಷ್ಯರು ನನ್ನ ಅಜ್ಜಿ; ಅವರು ತೀರಿಕೊಂಡು ಮೂವತ್ತು ವರ್ಷವಾಯಿತು. ಇಷ್ಟಾಗಿಯೂ ಆ ಪೆಟ್ಟಿಗೆಯಲ್ಲಿ ಏನು ಬರುತ್ತದೆಂದು ನೋಡದವರು ಊರಿನಲ್ಲಿ ಇಬ್ಬರೇ, ಒಂದು ನಾನು, ಇನ್ನೊಂದು ಆ ಕಂಬ.

ಅದಕ್ಕೂ ನಾನು ಬೇಸರಿಸಲಿಲ್ಲ. ನನಗೆ ನೋಡಬೇಕಾಗಿದ್ದದ್ದು ಒಂದೇ ಒಂದು.

ಕುಸುಮಳ ಮಗಳು ಶಶಿಪ್ರಭಾ, ನನ್ನ ನಂತರ ಈ ಮನೆಯ ಬೀಗದ ಕೈ ಹಿಡಿಯಬೇಕಾದವಳು, ಉಜಿರೆಯಲ್ಲಿ ಕಾಲೇಜು ಓದುತ್ತ ಎನ್.ಸಿ.ಸಿ. ಸೇರಿದ್ದಾಳೆ. ಈ ಸಲ ದೆಹಲಿಯ ಗಣರಾಜ್ಯೋತ್ಸವದ ಪೆರೇಡಿಗೆ ಆಯ್ಕೆಯಾದಳು. ಪ್ಯಾಂಟು ತೊಟ್ಟು ಊರ ಗಂಡಸರ ಎದುರು ಕಾಲೆತ್ತಿ ನಡೆಯುವುದೆಂದರೆ ಏನೆಂದು ಮೊದಲು ಬೇಡವೆಂದೆ. ಎರಡು ದಿನ ಅವಳೂ ಊಟ ಬಿಟ್ಟಳು, ನಾನೂ ಬಿಟ್ಟೆ, ಮೂರನೆಯ ದಿನ ಹಸಿದವಳು ನಾನು. ಆಮೇಲೆ ಆ ಖಾಕಿಯನ್ನು ನಾನೇ ಕುಚ್ಚಲಕ್ಕಿಯ ಗಂಜಿಯಲ್ಲಿ ಅದ್ದಿ, ಒಣಗಿಸಿ, ಕೆಂಡದ ಪೆಟ್ಟಿಗೆಯಲ್ಲಿ ಇಸ್ತ್ರಿ ಹಾಕಿ ಕೊಟ್ಟೆ. ಆ ಪ್ಯಾಂಟು ಅವಳಿಲ್ಲದೆಯೂ ನೆಟ್ಟಗೆ ನಿಲ್ಲುತ್ತಿತ್ತು. ದೆಹಲಿಯಿಂದ ಅವಳು ಬರೆದಳು: “ದೊಡ್ಡಮ್ಮ, ಹುಡುಗಿಯರ ತುಕಡಿ ಬರುವಾಗ ಮುಂದಿನ ಸಾಲಿನಲ್ಲಿ ನೋಡುವವರ ಬಲಗಡೆಯಿಂದ ಮೂರನೆಯವಳು ನಾನು. ಎಣಿಸಿ ನೋಡಿ. ಬೇರೆಯವರು ನೋಡದಿದ್ದರೂ ಅಡ್ಡಿಯಿಲ್ಲ, ನೀವು ನೋಡಬೇಕು.”

ನಾನು ಕಂಬ ಬಿಟ್ಟು ಒಳಗೆ ಹೋದರೆ ಯಾರಿಗೂ ಏನೂ ಕಾಣದು, ಕಂಬ ಹಿಡಿದರೆ ನನಗೊಬ್ಬಳಿಗೆ ಕಾಣದು. ಟಿ.ವಿ.ಯ ಮುಖವನ್ನು ಕಿಟಕಿಗೆ ತಿರುಗಿಸಿದರೆ ಬೆಳಗಿನ ಬಿಸಿಲು ನೇರ ಪರದೆಗೆ ಬಡಿಯುತ್ತದೆ. ಈ ಸಂಕಟದಲ್ಲಿರುವಾಗ ನನ್ನ ಮನಸ್ಸನ್ನು ಹೊಕ್ಕು ನೋಡಿದವರಂತೆ ತಾವು ಬರೆದಿರಿ: “ಆಂಟೆನಾ ಹಿಡಿದವರಿಗೂ ಚಿತ್ರ ಕಾಣಬೇಕಿದ್ದರೆ ಟಿ.ವಿ.ಯ ಎದುರು ಗೋಡೆಗೆ ಒಂದು ದೊಡ್ಡ ಕನ್ನಡಿ ತೂಗುಹಾಕಿ.” ಓದಿ ಪತ್ರಿಕೆಯನ್ನು ಕಣ್ಣಿಗೊತ್ತಿಕೊಂಡೆ. ನನ್ನ ಕೋಣೆಯ ಕಪಾಟಿನ ಆಳೆತ್ತರದ ಕನ್ನಡಿಯನ್ನು ಕಳಚಿ ಚಾವಡಿಯ ಗೋಡೆಗೆ ತೂಗಿಸಿದೆ. ಕಂಬ ಹಿಡಿದುಕೊಂಡೇ ಕಿಟಕಿಯಿಂದ ಇಣುಕಿದರೆ ಕನ್ನಡಿಯಲ್ಲಿ ಪರದೆ ಪೂರ್ತಿ ಕಂಡಿತು.

ಇಪ್ಪತ್ತಾರನೆಯ ತಾರೀಕು ಬೆಳಿಗ್ಗೆ ಚಾವಡಿಯಲ್ಲಿ ಅರವತ್ತು ಮಂದಿ. ತಲೆಗಳು ಕನ್ನಡಿಗೆ ಅಡ್ಡ ಬಾರದಂತೆ ಎಲ್ಲರನ್ನೂ ಚಾಪೆಗೆ ಇಳಿಸಿದೆ, ಶೀನಪ್ಪನವರನ್ನು ಕುರ್ಚಿ ಸಮೇತ ಮೂಲೆಗೆ ಸರಿಸಿದೆ, ಕೆಮ್ಮುವವರನ್ನು ಜಗಲಿಯಲ್ಲಿ ಕೂರಿಸಿದೆ. ನಾನು ಹೊಸ ಸೀರೆಯುಟ್ಟು ಕಂಬ ಹಿಡಿದೆ. ಫಿರಂಗಿಗಳು ಹೋದವು. ಒಂಟೆಗಳು ಹೋದವು, ಒಂಟೆಯೂ ಸಾಲು ತಪ್ಪದೆ ಹೆಜ್ಜೆ ಹಾಕುತ್ತದೆಂದು ಅಂದು ನನಗೆ ತಿಳಿಯಿತು. ಕೊನೆಗೆ ಕುಸುಮ ಕಿರುಚಿದಳು: “ಅಕ್ಕಾ, ಹುಡುಗಿಯರು!” ಬಲಗಡೆಯಿಂದ ಎಣಿಸಿದೆ. ಒಂದು, ಎರಡು, ಮೂರು. ಟೊಪ್ಪಿಯ ಕೆಳಗೆ ಮುಖ ಹೆಬ್ಬೆರಳ ಉಗುರಿನಷ್ಟು, ಆದರೂ ಕಂಡಿತು. ಬೆನ್ನು ನೆಟ್ಟಗೆ, ಗಲ್ಲ ಮೇಲೆ, ತುಟಿಯಲ್ಲಿ ಒಂದು ಸಣ್ಣ ನಗು. ಮೂರು ಉಸಿರಿನಷ್ಟು ಹೊತ್ತು. ಎಡಗೈಯನ್ನು ಅಲುಗಾಡಿಸದೆ ಬಲಗೈಯಿಂದಲೇ ದೃಷ್ಟಿ ನಿವಾಳಿಸಿದೆ. ಆ ಹೊತ್ತು ತಾವು ಎದುರಿಗಿದ್ದಿದ್ದರೆ ತಮಗೊಂದು ಶಾಲು ಹೊದಿಸಿಬಿಡುತ್ತಿದ್ದೆ.

ಎಲ್ಲ ಮುಗಿದು ಒಳಗೆ ಬಂದೆ. “ಕಂಡಿತಾ ಅಕ್ಕ?” ಎಂದಳು ಕುಸುಮ. “ಕಾಣದೆ? ನಗುತ್ತ ನಡೆದಳಲ್ಲ” ಎಂದೆ. ಸೈನಬ ಮೆಲ್ಲಗೆ ಹೇಳಿದಳು: “ಅಮ್ಮ, ನಮ್ಮ ಮಗು ನಗಲಿಲ್ಲ. ಹಲ್ಲು ಕಚ್ಚಿ ನಡೆದದ್ದು. ಥೇಟು ನಿಮ್ಮ ಹಾಗೆ.” ಶೀನಪ್ಪನವರು ಎದ್ದುಹೋಗಿ ತಮ್ಮ ಅಂಕಣವಿದ್ದ ಪುಟವನ್ನು ಕನ್ನಡಿಗೆ ಹಿಡಿದರು. ಅಕ್ಷರಗಳೆಲ್ಲ ತಿರುಗಿ ನಿಂತಿದ್ದವು. ಪುಟದ ಬಲಗಡೆಯಲ್ಲಿದ್ದ ತಮ್ಮ ಹೆಸರು ಎಡಗಡೆಗೆ ಹೋಗಿ ಕುಳಿತಿತ್ತು.

ನಾನು ಎಣಿಸಿದ್ದು ಎಡಗಡೆಯಿಂದ ಮೂರನೆಯವಳನ್ನು. ಯಾರ ಮನೆಯ ಮಗುವೋ ಏನೋ.

ಐವತ್ತು ವರ್ಷಗಳಿಂದ ಅದೇ ಕನ್ನಡಿಯ ಎದುರು ಬೊಟ್ಟು ಇಟ್ಟವಳು ನಾನು. ಹಣೆಯ ನಡುವೆ ಇಡುವ ಬೊಟ್ಟಿಗೆ ಎಡಬಲವಿಲ್ಲದ್ದರಿಂದ ಈ ವಿಷಯ ನನ್ನ ಗಮನಕ್ಕೆ ಬಂದಿರಲಿಲ್ಲ. ತಮ್ಮ ಗಮನಕ್ಕೆ ಬರಬೇಕಿತ್ತು. ಮಿಕ್ಸಿಯ ಆಯಾಸವನ್ನು ಬಲ್ಲ ತಮಗೆ ‘ಕನ್ನಡಿಯಲ್ಲಿ ಎಡಬಲ ಬದಲಾಗುತ್ತದೆ’ ಎಂಬ ಒಂದು ಸಾಲು ಬರೆಯಲು ಪತ್ರಿಕೆಯಲ್ಲಿ ಜಾಗ ಸಾಲದೆ ಹೋಯಿತೆಂದರೆ, ಪಕ್ಕದ ಕೇಶತೈಲದ ಜಾಹೀರಾತನ್ನು ಸ್ವಲ್ಪ ಕತ್ತರಿಸಬಹುದಿತ್ತು.

ಮಾನ್ಯರೇ, ಬರುವ ಶುಕ್ರವಾರ ಶಶಿಪ್ರಭಾ ಊರಿಗೆ ಬರುತ್ತಾಳೆ. ಬಸ್ಸಿನಿಂದ ಇಳಿದವಳೇ “ದೊಡ್ಡಮ್ಮ, ಕಂಡಿರಾ?” ಎಂದು ಕೇಳುತ್ತಾಳೆ. ಈ ಮನೆಯಲ್ಲಿ ಹಿರಿಯರು ಸುಳ್ಳು ಹೇಳುವ ಪದ್ಧತಿ ಇಲ್ಲ, ಕಾಣಲಿಲ್ಲವೆಂದು ಹೇಳಲು ನನ್ನ ನಾಲಗೆ ಏಳುವುದಿಲ್ಲ. ಆದ್ದರಿಂದ ತಾವು ಶುಕ್ರವಾರದ ಒಳಗೆ ದೆಹಲಿಯವರಿಗೆ ತಿಳಿಸಿ ಆ ಪೆರೇಡನ್ನು ಇನ್ನೊಮ್ಮೆ ನಡೆಸಿಕೊಡಬೇಕು. ಫಿರಂಗಿ, ಒಂಟೆ ಬೇಡ, ಮುಂದಿನ ಸಾಲೊಂದು ಸಾಕು. ಅದು ಕಷ್ಟವಾದರೆ ನಡುವಿನ ಗುಡ್ಡವನ್ನು ಮೂಡುಬಿದಿರೆಯ ಕಡೆಗೆ ಎರಡು ಫರ್ಲಾಂಗು ಸರಿಸಲು ಅಪ್ಪಣೆ ಕೊಡಿಸಿದರೂ ಆದೀತು, ಹಾರೆ ಪಿಕಾಸಿಗಳು ನಮ್ಮಲ್ಲೇ ಇವೆ. ಎರಡೂ ಆಗದಿದ್ದರೆ ತಾವೇ ಬಂದು ಈ ಕಂಬ ಹಿಡಿಯಬೇಕು. ಮಾನವ ಶರೀರವೂ ಒಂದು ವಾಹಕವೇ ಎಂದು ಬರೆದವರ ಶರೀರ ನಮ್ಮೆಲ್ಲರದಕ್ಕಿಂತ ಒಳ್ಳೆಯ ವಾಹಕವಾಗಿರಲೇಬೇಕು. ಗಂಜಿ, ಉಪ್ಪಿನಕಾಯಿ, ನಿಲ್ಲಲು ನೆರಳು ಕೊಡುತ್ತೇವೆ. ಏನೇ ಆದರೂ ಗುರುವಾರದ ಸಂಚಿಕೆಯಲ್ಲಿ ತಮ್ಮ ವಾಡಿಕೆಯ ಮೂರು ಸಾಲಿನಲ್ಲಿ ತಿಳಿಸಿ: ಆ ಮಗುವಿಗೆ ನಾನು ಏನೆಂದು ಉತ್ತರ ಹೇಳಲಿ?

ಅದೇ ಸ್ಥಿತಿಯಲ್ಲಿ ಮುಂದುವರಿಯುತ್ತಿರುವ,
ತಮ್ಮ ವಿಶ್ವಾಸಿ,
ನೀಲಾವತಿ ಶೆಡ್ತಿ

ತಾ.ಕ.: ಎಡಗಡೆಯಿಂದ ಮೂರನೆಯ ಆ ಮಗು ಚೆನ್ನಾಗಿ ನಡೆದಳು. ಅವಳ ಇಸ್ತ್ರಿ ಮಾತ್ರ ನಮ್ಮಷ್ಟು ಗಟ್ಟಿಯಿರಲಿಲ್ಲ. ಅವಳ ಊರಿನಲ್ಲೂ ಒಬ್ಬ ಹಿರಿಯಳು ತಮ್ಮಂಥವರೊಬ್ಬರ ಅಂಕಣ ಓದಿ, ಕಂಬ ಹಿಡಿದು, ಕನ್ನಡಿಯಲ್ಲಿ ಎಡಗಡೆಯಿಂದ ಎಣಿಸಿದ್ದರೆ, ಅವಳು ಹರಸಿದ್ದು ಹಲ್ಲು ಕಚ್ಚಿ ನಡೆದ ನಮ್ಮ ಶಶಿಪ್ರಭೆಯನ್ನು. ಅಂಥವಳು ಎಲ್ಲಿಯಾದರೂ ಇದ್ದಾಳೆಯೇ ಎಂದು ವಿಚಾರಿಸಿ ತಿಳಿಸಿ. ಇದ್ದರೆ ತಾವು ಕಂಬ ಹಿಡಿಯಲು ಬರುವುದು ಬೇಡ.