ನಾಳಿನ ಸುದ್ದಿ ಇವತ್ತೇ

ಮೊದಲು ಒಂದು ಒಗಟು. ಎದುರಿಗೆ ನಿಂತವನಿಗೆ ಸೀದಾ, ಹಿಡಕೊಂಡವಳಿಗೆ ಉಲ್ಟಾ, ಬರೆದವನಿಗೆ ಕಾಣಲೇ ಇಲ್ಲ. ಏನದು?

ಬರಂಗಿಲ್ಲ ಬಿಡ್ರಿ. ನಮ್ಮ ಶಾಲ್ಯಾಗ ಕಲಿತವರಿಗೂ ಬರಂಗಿಲ್ಲ. ಉತ್ತರ ಕೊನಿಗೆ ಸಿಗ್ತದ. ಬ್ಯಾರೆಯವರ ಕೈಯಾಗ ಪೆನ್ನು ಕೊಟ್ರ ಅಕ್ಷರ ಬರ್ತಾವ; ನನ್ನ ಕೈಯಾಗ ಕೊಟ್ರ ಏನರ ಒಂದು ಫಜೀತಿ ಆಗೇ ಆಗ್ತದ. ಆವಾಗ ನಗು ಬರ್ತಿತ್ತು. ಈಗ ನೆನಪು ಮಾಡ್ಕೊಂಡ್ರ ಕಿವಿ ಬಿಸಿ ಆಗ್ತಾವ.

೧. ಶಿಕ್ಷಾ ಯಾರಿಗೆ

ನಮ್ಮೂರು ಶಹಾಪುರದಿಂದ ಸುರಪುರಕ್ಕ ಹೋಗೋ ದಾರ್ಯಾಗ ಬರ್ತದ. ಹೈಸ್ಕೂಲಿನ್ಯಾಗ ಒಂದು ಪತ್ರಿಕೆ ಇತ್ತು. ಹುಡುಗರೇ ಕೈಲೆ ಬರೆದು, ತಿಂಗಳಿಗೊಮ್ಮೆ ಝೆರಾಕ್ಸ್ ಮಾಡಿಸಿ ಹಂಚೋದು. ಸಂಪಾದಕಿ ನಮ್ಮ ಕ್ಲಾಸಿನ ಹುಡುಗಿ. ಹಾಳಿ ಮ್ಯಾಲ ಒಂದು ಗೆರಿ ಸೊಟ್ಟ ಬಿದ್ರೂ ಉಣ್ಣದಾಕಿ. ನಾನು ಒಂಬತ್ತನೇ ಕ್ಲಾಸಿನ್ಯಾಗ ಎರಡು ಸಲ ಕೂತು ಬಂದವ. ಅದಕ್ಕ ಕ್ಲಾಸಿನವರೆಲ್ಲ ನನಗ ‘ಅಣ್ಣಾ’ ಅಂತಿದ್ರು. ಮರ್ಯಾದಿಗಲ್ಲ.

ಒಂದಿನ ಮಧ್ಯಾಹ್ನ ನಾನೇ ಹೋಗಿ ಮನಿಗೆ ಬಿಡೋ ಗಂಟಿ ಬಾರಿಸಿದೆ. ಹುಡುಗರು ಹೋದರು, ಇಬ್ಬರು ಮಾಸ್ತರೂ ಹೋದರು. ಮರುದಿನ ಕನ್ನಡ ಸರ್ ನನ್ನ ಕಿವಿ ಹಿಡಕೊಂಡೇ ಸಂಪಾದಕಿ ಮುಂದ ನಿಲ್ಲಿಸಿದರು. “ಇವನ್ನ ಪತ್ರಿಕೆಗೆ ಹಾಕ್ಕೋ. ಕೈಯಾಗ ಕೆಲಸ ಇದ್ರ ಸುಮ್ಮನಿರ್ತಾನ.”

ಆಕಿ ನನ್ನ ಕಾಲಿನಿಂದ ತಲಿತನಕ ನೋಡಿದಳು. “ಸರ್, ತಪ್ಪು ಮಾಡಿದಾಂವ ಅವ. ಶಿಕ್ಷಾ ನನಗ್ಯಾಕ್ರಿ?”

೨. ಬರದ ಅತಿಥಿಯ ಭಾಷಣ

ಝೆರಾಕ್ಸ್ ಅಂಗಡಿ ಇದ್ದದ್ದು ಶಹಾಪುರದಾಗ. ಕನ್ನಡ ಸರ್ ಮನಿ ಅದರ ಹತ್ತಿರ ಭೀಮರಾಯನಗುಡ್ಯಾಗ. ಶನಿವಾರ ಮನಿಗೆ ಹೋಗುವಾಗ ನಾವು ಬರೆದ ಹಾಳಿ ಒಯ್ದು, ಸೋಮವಾರ ಪ್ರತಿಗಳನ್ನ ತರ್ತಿದ್ರು. ಹಂಗಾಗಿ ಸೋಮವಾರ ಆಗೋ ಕಾರ್ಯಕ್ರಮದ ವರದಿ ಶನಿವಾರವೇ ಬರೆಯೋದು ನಮ್ಮ ರೂಢಿ. ದೀಪ ಹಚ್ತಾರ, ಹಾರ ಹಾಕ್ತಾರ, ‘ಮಕ್ಕಳೇ ದೇಶದ ಸಂಪತ್ತು’ ಅಂತಾರ. ಇಷ್ಟಕ್ಕ ಕಾರ್ಯಕ್ರಮ ಮುಗಿಯೋತನಕ ಯಾಕ ಕಾಯಬೇಕು?

ಒಂದು ಸಲ ಊರ ಮುಖಂಡರೊಬ್ಬರು ಅತಿಥಿ. ಅವರ ಭಾಷಣ ಒಂದು ಪುಟ ತುಂಬ ಬರೆದೆ. ನಡುವೆ ಎರಡು ಕಡಿ ‘ಸಭೆ ಚಪ್ಪಾಳೆ ತಟ್ಟಿತು’ ಅಂತನೂ ಹಾಕಿದೆ. ಸೋಮವಾರ ಅವರು ಯಾವುದೋ ಲಗ್ನಕ್ಕ ಹೋದರು, ಶಾಲಿಗೆ ಬರಲೇ ಇಲ್ಲ. ಖಾಲಿ ಕುರ್ಚಿ ಮುಂದ ಕೂತ ಹುಡುಗರು ಅವರ ಭಾಷಣ ಓದಿದರು.

ಯಾರೋ ಫೋಟೋ ತೆಗೆದು ಅವರಿಗೆ ವಾಟ್ಸಾಪ್ ಮಾಡಿಬಿಟ್ಟರು. ಸಂಜಿಗೆ ಹೆಡ್‌ಸರ್‌ಗೆ ಫೋನ್ ಬಂತು. ಹೆಡ್‌ಸರ್ ಎದ್ದು ನಿಂತೇ ಮಾತಾಡಿದರು. “ತಪ್ಪಾತ್ರಿ, ಹುಡುಗ ಸಣ್ಣಾಂವ ಇದ್ದಾನ್ರಿ.”

“ತಪ್ಪೇನ್ರಿ ಮಾಸ್ತರ್ರ? ನಾ ಭಾಳ ಛಲೋ ಮಾತಾಡೀನಿ. ನಾಳೆ ಸುರಪುರದಾಗ ಒಂದು ಸನ್ಮಾನ ಅದ. ಅಲ್ಲಿ ನಾ ಏನು ಮಾತಾಡೀನಿ, ಆ ಹುಡುಗಗ ಕೇಳಿ ಜಲ್ದಿ ಕಳಿಸ್ರಿ.”

೩. ಗೆದ್ದ ಮ್ಯಾಲ ಸೋತದ್ದು

ಕಬಡ್ಡಿ ತಂಡ ಸುರಪುರಕ್ಕ ಹೊರಟಿತ್ತು. ನಮ್ಮ ಹುಡುಗರು ಎತ್ತಿನಂಥವರು. ಸೋಲೋ ಮಾತೇ ಇಲ್ಲ ಅಂತ ‘ಎದುರಾಳಿಗಳಿಗೆ ಮಣ್ಣು ಮುಕ್ಕಿಸಿದ ನಮ್ಮ ವೀರರು’ ಅಂತ ಬರೆದುಬಿಟ್ಟೆ. ಆಟ ನಡೆದಿರುವಾಗಲೇ ಇತ್ತ ಊರಾಗ ಪತ್ರಿಕೆ ಹಂಚಿ ಆಗಿತ್ತು.

ಸಂಜಿಗೆ ಕ್ಯಾಪ್ಟನ್ ನಮ್ಮ ಮನಿ ಹಿತ್ತಲಕ್ಕ ಬಂದ. ಮೊಣಕಾಲು ಕೆತ್ತಿತ್ತು, ಮುಖ ಅದಕ್ಕಿಂತ ಕೆಟ್ಟಿತ್ತು. “ಸೋತದ್ದಕ್ಕ ಬ್ಯಾಸರಿಲ್ಲ ಅಣ್ಣಾ. ನಿನ್ನ ಪೇಪರ್ ನೋಡಿ ನಮ್ಮಪ್ಪ ಓಣಿಗೆಲ್ಲ ಪೇಡಾ ಹಂಚ್ಯಾನ. ನಾ ಈಗ ಯಾವ ಮನಿಗೆ ಹೋಗ್ಲಿ?”

ಅವತ್ತು ಅವ ನಮ್ಮ ಮನ್ಯಾಗೇ ಉಂಡ.

“ಮುಂದಿನ ಸಂಚಿಕ್ಯಾಗ ತಿದ್ದುಪಡಿ ಬರಬೇಕು, ನೀನೇ ಬರೀಬೇಕು” ಅಂದಳು ಸಂಪಾದಕಿ. ಬರೆದೆ: ‘ಹಿಂದಿನ ಸಂಚಿಕೆಯಲ್ಲಿ ಗೆದ್ದಿದ್ದ ನಮ್ಮ ತಂಡವು ಅದೇ ದಿನ ಸೋತಿತೆಂದು ತಿಳಿಸಲು ವಿಷಾದಿಸುತ್ತೇವೆ.’

೪. ತತ್ತಿ

ಇಲ್ಲಿಂದ ಮುಂದ ನಗೋರು ನಗ್ರಿ. ನನ್ನ ಕೈಲೆ ಆಗಂಗಿಲ್ಲ.

ಬಿಸಿಯೂಟದ ಅಡಗಿ ಮನ್ಯಾಗ ಒಬ್ಬಾಕಿ ವಯಸ್ಸಾದ ಅವ್ವ ಇದ್ದಳು. ತತ್ತಿ ಕೊಡೋ ದಿನ ಲೆಕ್ಕಕ್ಕ ಎರಡು ಕಮ್ಮಿ ಬೀಳ್ತಿದ್ವು. ಆಕಿ ಎಂಟನೇ ಕ್ಲಾಸಿನ ಕಿಟಕಿ ಹತ್ತಿರ ನಿಂತು ಕಾಯಾಕ ಶುರು ಮಾಡಿದಳು, ಅಲ್ಲಿಂದ ಅಡಗಿ ಮನಿ ಬಾಗಿಲು ಬರೋಬ್ಬರಿ ಕಾಣ್ತದ ಅಂತ. ನಾಕನೇ ದಿನ ನಾನು ಸಿಕ್ಕಿಬಿದ್ದೆ, ಎರಡೂ ಕಿಸೆಯಾಗ ಒಂದೊಂದು ಬಿಸಿ ತತ್ತಿ.

“ಯವ್ವಾ, ಹೆಡ್‌ಸರ್‌ಗೆ ಹೇಳಬ್ಯಾಡ. ಪೇಪರಿನ್ಯಾಗ ನಿನ್ನ ಬಗ್ಗೆ ಬರೀತೀನಿ.”

“ನನ್ನ ಬಗ್ಗೆ ಏನದ ಬರಿಯಾಕ, ಕಳ್ಳಾ?”

“ನಿನ್ನ ಸಾರು.”

ಆಕಿ ನಕ್ಕು ಕೈ ಬಿಟ್ಟಳು. ಆದ್ರ ಸಾರಿನ ಬಗ್ಗೆ ಎರಡು ಸಾಲಿಗಿಂತ ಹೆಚ್ಚು ಏನು ಬರೀತೀರಿ? ಆಕಿ ಕಿಟಕಿ ಹತ್ತಿರ ನಿಂತದ್ದು ನೆನಪಾತು. ‘ಕಿಟಕಿಯಾಚೆಯ ವಿದ್ಯಾರ್ಥಿನಿ: ಎಂಟನೇ ತರಗತಿಯ ಪಾಠ ಕೇಳುತ್ತಲೇ ಓದಲು ಕಲಿತ ಅಡುಗೆಯ ಅವ್ವ’ ಅಂತ ಬರೆದೆ. ಕಣ್ಣೀರು ಬರೋ ಹಂಗ ಬರೆದೆ. ಸಂಪಾದಕಿ ಓದಿ ಮೂಗು ಒರೆಸಿಕೊಂಡು, “ಖರೇನಾ?” ಅಂದಳು. “ತತ್ತಿ ಮ್ಯಾಲ ಆಣೆ” ಅಂದೆ.

ಅವ್ವ ಆ ಹಾಳಿಯನ್ನ ಅಕ್ಕಿ ಡಬ್ಬಿ ಮ್ಯಾಲ ಅಂಟಿಸಿದಳು. ನೀರು ಕುಡಿಯಾಕ ಬಂದವರಿಗೆಲ್ಲ ತೋರಿಸಿದಳು: “ನೋಡ್ರಿ, ನನ್ನ ಸಾರು ಪೇಪರಿನ್ಯಾಗ ಬಂದದ.”

೫. ಎಣ್ಣಿ ಕಲಿ

ಆ ಸಂಚಿಕಿಗೇ ಜಿಲ್ಲಾದ ಶಾಲಾ ಪತ್ರಿಕೆಗಳ ಸ್ಪರ್ಧಾದಾಗ ಮೊದಲ ಬಹುಮಾನ ಬಂತು. ಜೊತಿಗೊಂದು ಪತ್ರ: ಯಾದಗಿರಿಗೆ ಅವ್ವನನ್ನೂ ಕರಕೊಂಡು ಬರ್ರಿ, ಆಕಿ ವೇದಿಕೆ ಮ್ಯಾಲ ಆ ಲೇಖನದ ನಾಕು ಸಾಲು ಓದಲಿ.

ಹೆಡ್‌ಸರ್ ಅಡಗಿ ಮನಿತನಕ ನಡಕೊಂಡು ಬಂದರು. “ಯವ್ವಾ, ನಿನಗ ಓದಾಕ ಬರ್ತದಂತ ನಮಗ ಗೊತ್ತೇ ಇರಲಿಲ್ಲ.”

ಅವ್ವ ಡಬ್ಬಿ ಮ್ಯಾಲಿನ ಹಾಳಿ ನೋಡಿದಳು. ಆಮ್ಯಾಲ ನನ್ನ ನೋಡಿದಳು. ನಾನು ನೆಲ ನೋಡಿದೆ.

“ಹೌದ್ರಿ ಸರ್” ಅಂದಳು. “ಸಣ್ಣಗ ಓದ್ತೀನ್ರಿ.”

ಹೆಡ್‌ಸರ್ ಹೋದ ಮ್ಯಾಲ ಸೌಟು ಬೀಳ್ತದಂತ ಬೆನ್ನು ತಿರುಗಿಸಿ ನಿಂತೆ. ಬೀಳಲಿಲ್ಲ. “ಇಲ್ಲಂದಿದ್ರ ನಿನ್ನ ಶಾಲಿ ಬಿಡಿಸ್ತಿದ್ರು” ಅಂದಳು. “ಕಲಿಸು ಈಗ. ಮಂದಿ ಮುಂದ ನನ್ನ ಮಾನ ಹೋಗಬಾರದು ನೋಡು.”

ಇನ್ನು ಎಂಟು ದಿನ ಉಳಿದಿತ್ತು. ಓದು ಎಲ್ಲಿ ಬರಬೇಕು? ಬಾಯಿಪಾಠ ಮಾಡಿಸಿದೆ. ಆಕಿ ಅಕ್ಕಿ ಆರಿಸ್ತಾ ಹೇಳೋದು, ನಾನು ಮುಂದ ಕೂತು ತಿದ್ದೋದು. ಹಾಳಿ ಉಲ್ಟಾ ಹಿಡೀಬಾರದಂತ ಮ್ಯಾಲಿನ ಅಂಚಿಗೆ ಎಣ್ಣಿ ಹಚ್ಚಿ ಗುರುತಿಗೊಂದು ಕಲಿ ಮಾಡಿದೆ. “ಎಣ್ಣಿ ಕಲಿ ಎಲ್ಲಿರ್ತದ ಅದು ತಲಿ, ತಿಳೀತಾ?” ಸಂಪಾದಕಿ ಬಾಗಿಲಾಗ ನಿಂತು ಎಲ್ಲಾ ಕೇಳಿಸಿಕೊಂಡಿದ್ದಳು. ಬೈತಾಳ ಅಂದ್ಕೊಂಡೆ. ಒಳಗ ಬಂದು ಕೂತು, ತಾನೂ ಅಕ್ಕಿ ಆರಿಸಿದಳು. “ಬಹುಮಾನ ಬ್ಯಾಡ ಅಂತ ಬರೆದುಬಿಡ್ಲೇನು?” ಅಂದಳು. ನಾನು ಹೂಂ ಅನ್ನಬೇಕಿತ್ತು. “ಎಲ್ಲಾ ಪಾಠ ಆಗ್ಯದ ಬಿಡು” ಅಂದೆ.

ರೂಢಿ ಪ್ರಕಾರ ಯಾದಗಿರಿ ವರದಿನೂ ಶನಿವಾರವೇ ಬರೆದೆ: ‘ಅವ್ವ ಸ್ಫುಟವಾಗಿ ಓದಿದರು. ಸಭೆ ಚಪ್ಪಾಳೆ ತಟ್ಟಿತು.’

೬. ಯಾದಗಿರಿ

ಸಭಾಂಗಣ ತುಂಬಿತ್ತು. ಅವ್ವ ಹಸಿರು ಇಳಕಲ್ ಸೀರಿ ಉಟ್ಟು, ಎಣ್ಣಿ ಕಲಿಯ ಹಾಳಿ ಮಡಿಚಿ ಕೈಯಾಗ ಹಿಡಿದು ಕೂತಿದ್ದಳು. ಹೆಸರು ಕರೆದರು. ಆಕಿ ಮೆಟ್ಟಿಲು ಹತ್ತಿದಳು. ಬಹುಮಾನ ಕೊಡೋ ಅಧಿಕಾರಿ ಆ ಹಾಳಿ ನೋಡಿ, “ಇದು ಹೊಲಸಾಗ್ಯದ ಯವ್ವಾ, ಇದನ್ನ ಓದು” ಅಂತ ಗಾಜು ಹಾಕಿಸಿದ ಹೊಸ ಪ್ರತಿ ಕೈಗೆ ಕೊಟ್ಟರು. ಅದಕ್ಕ ಎಣ್ಣಿ ಕಲಿ ಇರಲಿಲ್ಲ. ತಲಿ ಯಾವ ಕಡಿ, ಕಾಲು ಯಾವ ಕಡಿ, ಆಕಿಗೆ ಹೆಂಗ ಗೊತ್ತಾಗಬೇಕು?

ಅಧಿಕಾರಿ ಎದುರಿಗೆ ನಿಂತು ಮೈಕ್ ಹಿಡಿದರು. ಅವ್ವ ಚೌಕಟ್ಟು ಹಿಡಿದು ಗಂಟಲು ಸರಿ ಮಾಡಿಕೊಂಡಳು. “ಬೆಂಕಿಯ ಮುಂದೆ ನಿಂತವಳಿಗೆ ಅಕ್ಷರವೇ ನೆರಳು. ಇಲ್ಲಿ ಉಸುರು ತಗೋ ಯವ್ವಾ. ಕಿಟಕಿಯೇ ನನ್ನ ಶಾಲೆ. ಕಣ್ಣು ಒರೆಸಿಕೋ, ಭಾಳ ಬ್ಯಾಡ.” ನಾನು ಕಲಿಸಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು.

ಅಧಿಕಾರಿ ಬಗ್ಗಿ ನೋಡಿದರು. “ಯವ್ವಾ, ಉಲ್ಟಾ ಹಿಡಿದೀಯಲ್ಲ?”

ಅವ್ವ ತಲಿ ಎತ್ತಿದಳು. “ನನಗ ಬಾಯಿಲೇ ಬರ್ತದ್ರಿ ಸಾಹೇಬರ. ಎದುರಿಗೆ ನಿಂತವರು ನೀವು, ನಿಮಗ ಸೀದಾ ಕಾಣಲಿ ಅಂತ ಹಿಡಿದೀನ್ರಿ.”

ಸಭೆ ಬಿದ್ದುಬಿದ್ದು ನಕ್ಕಿತು. ಅಧಿಕಾರಿ ತಾವೇ ಶಾಲು ಹೊದಿಸಿದರು.

ಹಿಂಗ ಆಗಿದ್ದರ ಎಷ್ಟು ಛಂದ ಇರ್ತಿತ್ತು.

ಹೊಸ ಪ್ರತಿ ಆಕಿ ಕೈಗೆ ಹೋದದ್ದು ಕಂಡೆ, ಅಷ್ಟೇ. ಹಿಂದಿನ ಬಾಗಿಲಿನಿಂದ ಹೊರಗ ಬಿದ್ದೆ. ಸ್ಟೇಷನ್ನಿಗೆ ಓಡಿ, ಪ್ಲಾಟ್‌ಫಾರ್ಮಿನ ಕಲ್ಲಿನ ಬೆಂಚಿನ ಮ್ಯಾಲ ಕೂತು ಎರಡು ಗಾಡಿ ಹೋಗೋದು ನೋಡಿದೆ. ಮರಳಿ ಬಂದಾಗ ಎಲ್ಲರೂ ಬಸ್ಸಿನ್ಯಾಗ ಕೂತಿದ್ದರು. ಸಂಪಾದಕಿ ಕಿಟಕಿ ಕಡಿ ಮುಖ ಮಾಡಿದ್ದಳು. ಅವ್ವನ ಹೆಗಲ ಮ್ಯಾಲ ಶಾಲಿತ್ತು. ತನ್ನ ಪಕ್ಕ ನನಗ ಜಾಗ ಹಿಡಿದಿಟ್ಟಿದ್ದಳು. ಕೂತೆ. ಸನ್ಮಾನದ ಬುಟ್ಟಿಯಿಂದ ಒಂದು ಬಾಳಿಹಣ್ಣು ತೆಗೆದು ನನ್ನ ಕೈಯಾಗ ಇಟ್ಟಳು.

ಒಳಗ ಏನಾತು ಅಂತ ಇವತ್ತಿನತನಕ ಕೇಳಿಲ್ಲ, ಧೈರ್ಯ ಇಲ್ಲ. ಅದಕ್ಕ ಹಳೇ ರೂಢಿಯಂಗ ನಾನೇ ಬರೆದುಕೊಂಡೀನಿ. ಮ್ಯಾಲಿನ ಕೊನಿ ನಾನು ಕಟ್ಟಿದ್ದು. ಒಗಟಿನ ಉತ್ತರ ಆ ಗಾಜಿನ ಪ್ರತಿ; ಆದ್ರ ಸೀದಾ, ಉಲ್ಟಾ ಎರಡೂ ಸುಳ್ಳು. ಬರೆದವನಿಗೆ ಕಾಣಲೇ ಇಲ್ಲ ಅನ್ನೋದೊಂದು ಖರೇ.