ಅತ್ತೆಯ ದಯೆ, ನನ್ನ ರೊಟ್ಟಿ

ದಯೆ ದೊಡ್ಡ ಗುಣ ಎನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಆ ದಯೆಗೆ ರೊಟ್ಟಿ ಬಡಿಯುವವರು ಯಾರು ಎಂಬುದನ್ನು ಯಾವ ಪ್ರವಚನದಲ್ಲೂ ಹೇಳಿದ್ದು ನನಗೆ ನೆನಪಿಲ್ಲ. ನಮ್ಮ ಅತ್ತೆ ಈ ಸಲ ಶ್ರಾವಣವಿಡೀ ಮುದ್ದೇಬಿಹಾಳದ ನಮ್ಮ ಓಣಿಯ ಗುಡಿಯಲ್ಲಿ ಪ್ರವಚನ ಕೇಳಿದರು. ಮುಗಿಸಿ ಬಂದವರೇ ಮನೆಗೊಂದು ನೇಮ ಹಾಕಿದರು. ಸಂಜೆ ಊಟಕ್ಕೆ ಕುಳಿತಾಗ ಪ್ರತಿಯೊಬ್ಬರೂ ಅಂದು ತಮಗೆ ಒಳ್ಳೆಯದು ಮಾಡಿದವರೊಬ್ಬರನ್ನು ನೆನೆದು ಶರಣು ಹೇಳಬೇಕು, ಆಮೇಲೆ ತುತ್ತು. ಮೊದಲ ದಿನ ನಮ್ಮ ಮನೆಯವರು ಮಳೆರಾಯನಿಗೆ ಶರಣೆಂದರು. ಮಗಳು, ಹೋಂವರ್ಕ್ ಕೊಡಲು ಮರೆತ ಗಣಿತದ ಮಾಸ್ತರರಿಗೆ. ಅತ್ತೆ, ಜೋಳ ಕಳಿಸಿದ ದೇವಣಗಾಂವದ ತಮ್ಮನಿಗೆ. ಆ ಜೋಳವನ್ನು ಬೀಸಿಸಿ, ನಾದಿ, ಬಡಿದು, ಬೇಯಿಸಿ ತಾಟಿಗೆ ಹಾಕಿದವಳು ಎದುರಿಗೇ ಕುಳಿತಿದ್ದಳು. ಅವಳತ್ತ ಯಾರೂ ನೋಡಲಿಲ್ಲ. ನನ್ನ ಸರದಿ ಬಂದಾಗ, ಬಸ್ಸಿನಲ್ಲಿ ಸರಿದು ಜಾಗ ಕೊಟ್ಟ ಯಾರೋ ಹೆಂಗಸಿಗೆ ಶರಣು ಹೇಳಿದೆ. ಎದುರಿಗಿದ್ದವರಿಗೆ ನಾಟಲೆಂದೇ ಹೇಳಿದ್ದು. ಯಾರಿಗೂ ನಾಟಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಕಾಶವ್ವ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡರು. ಅವರ ಗಂಡ ಇಂಡಿ ಕಡೆ ಬಸ್ಸು ಓಡಿಸುವ ಡ್ರೈವರ್. ನಸುಕಿನಲ್ಲಿ ಹೋದರೆ ಕತ್ತಲಾದ ಮೇಲೆಯೇ ಮನೆ. ಕಾಶವ್ವನ ನಾಲಿಗೆ ಎಂಥದ್ದೆಂದರೆ, ನಮ್ಮ ಓಣಿಯಲ್ಲಿ ಬೀದಿನಾಯಿಗಳೂ ಅವರ ಕಟ್ಟೆಯ ಮುಂದೆ ತಗ್ಗಿ ನಡೆಯುತ್ತವೆ. ಸುದ್ದಿ ತಿಳಿದೊಡನೆ ಅತ್ತೆ ಹೋಗಿ, ಕೈ ಕೂಡುವವರೆಗೆ ಎರಡು ಹೊತ್ತಿನ ರೊಟ್ಟಿ ನಮ್ಮ ಮನೆಯದೇ ಎಂದು ಮಾತು ಕೊಟ್ಟು ಬಂದರು. ದಯೆ ಅತ್ತೆಯದು, ಕೈ ನನ್ನದು. ನಾನೋ, ಮುಂಜಾನೆ ಬಾಗೇವಾಡಿ ಬಸ್ಸು ಹಿಡಿದು ಅಲ್ಲಿಯ ಸಾಲೆಗೆ ಪಾಠ ಮಾಡಲು ಹೋಗುವವಳು. ಆದರೂ ಬಡಿದೆ. ಡಬ್ಬಿ ಕೊಟ್ಟು ಬರುವ ಕೆಲಸ ಮನೆಯವರದು. ಮೊದಲ ದಿನವೇ ಕಾಶವ್ವನ ಉತ್ತರ ಬಂತು: ರೊಟ್ಟಿ ದಪ್ಪ. ಮರುದಿನ ಪಲ್ಯದಲ್ಲಿ ಉಪ್ಪು ಹೆಚ್ಚು. ಅದರ ಮರುದಿನ ಮತ್ತೆ ರೊಟ್ಟಿ ದಪ್ಪ. ಪೇಟೆಯಿಂದ ಕೊತ್ತಂಬರಿ ತರಲು ಮರೆಯುವ ನಮ್ಮ ಮನೆಯವರು ಈ ಮಾತುಗಳನ್ನು ಮಾತ್ರ ಒಂದಕ್ಷರವೂ ಬಿಡದೆ ತಂದು ಒಪ್ಪಿಸುತ್ತಿದ್ದರು. ಅತ್ತೆಯ ಹತ್ತಿರ ದೂರಿದರೆ, ಮೇಲಿರುವವನು ಎಲ್ಲ ನೋಡುತ್ತಾನೆ ಎಂದರು. ಅವನು ನೋಡುತ್ತಾನೆ ನಿಜ, ಹಿಟ್ಟಿಗಾದರೂ ಕೈ ಹಾಕುತ್ತಾನೆಯೇ?

ಭಾನುವಾರ ಡಬ್ಬಿ ಹಿಡಿದು ನಾನೇ ಹೊರಟೆ. ಆಡಬೇಕಾದ ಮಾತನ್ನು ಒಲೆಯ ಮುಂದೆಯೇ ಬಾಯಿಪಾಠ ಮಾಡಿಕೊಂಡಿದ್ದೆ. ಒಳಗೆ ಹೋದರೆ ಕಾಶವ್ವ ಗೋಡೆಗೆ ಒರಗಿ ಕುಳಿತಿದ್ದರು. ಕೈಗೆ ಪ್ಲಾಸ್ಟರ್. ಆದರೆ ತಲೆ ನೀಟಾಗಿ ಬಾಚಿ ತುರುಬು ಕಟ್ಟಿತ್ತು, ಸೀರೆ ಮಡಿಯಾಗಿತ್ತು. ಡಬ್ಬಿ ಬಿಚ್ಚಿ ತಾಟಿಗೆ ಹಾಕಿಕೊಟ್ಟೆ. ಅವರು ಎಡಗೈಯಿಂದ ರೊಟ್ಟಿ ಮುರಿಯಲು ಹೋದರೆ ಅದು ತಾಟಿನಿಂದ ಜಾರಿ ಜಾರಿ ಹೋಗುತ್ತಿತ್ತು. ನೋಡಲಾಗದೆ ಕುಳಿತು, ಮುರಿದು, ಪಲ್ಯ ಸುತ್ತಿ ಅವರ ಬಾಯಿಗಿಟ್ಟೆ. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ಒಂದು ರೊಟ್ಟಿ ಪೂರ್ತಿ ತಿಂದರು. ಆಮೇಲೆ, ತಲೆ ಯಾರು ಬಾಚಿದರು ಎಂದು ಕೇಳಿದೆ.

“ನಿಮ್ಮತ್ತಿನ ಅಲ್ಲೇನವ್ವ? ನೀ ಬಸ್ ಹಿಡಿಯಾಕ ಹೋದ ಕೂಡ್ಲೆ ಬರ್ತಾಳ, ಇವತ್ತ ನೀ ಒಲಿ ಮುಂದ ಇದ್ದಾಗ ಬಂದಿದ್ಲು. ನೀರು ಹಾಕ್ತಾಳ, ಸೀರಿ ಉಡಸ್ತಾಳ. ಆದ್ರ ಆಕಿಗೆ ಬರೇ ದೇವರ ಮಾತು. ನನಗ ಓಣಿ ಸುದ್ದಿ ಬೇಕಾಗೈತಿ. ರೊಟ್ಟಿ ದಪ್ಪ ಅಂದ್ರ ನೀ ಜಗಳಕ್ಕಾದ್ರೂ ಬರ್ತಿ ಅಂತ ಮಾಡಿದ್ನಿ. ಭಾಳ ತಡಾ ಮಾಡಿದಿ ನೋಡು.”

ಅತ್ತೆ ಈ ವಿಷಯ ಮನೆಯಲ್ಲಿ ಉಸುರಿರಲಿಲ್ಲ. ಸ್ವತಃ ಮಂಡಿನೋವಿನವರು, ಇನ್ನೊಬ್ಬರನ್ನು ಎಬ್ಬಿಸಿ ಕೂರಿಸಿ ಮೀಯಿಸುತ್ತಿದ್ದಾರೆ. ನಾನೊಬ್ಬಳೇ ದುಡಿಯುತ್ತಿದ್ದೇನೆಂದು ಒಂದು ವಾರ ಮುಖ ಊದಿಸಿಕೊಂಡಿದ್ದು ನೆನೆದು ನನಗೇ ನಗು ಬಂತು. ಆದರೂ ಓಣಿ ಸುದ್ದಿ ಹೇಳದೆ ಏಳಲಿಲ್ಲ. ಹೇಳುವುದೂ ಬಹಳ ಇತ್ತು.

ಅಂದು ಸಂಜೆ ಊಟಕ್ಕೆ ಕುಳಿತಾಗ ನನ್ನ ಸರದಿ ಬಂತು. ಗಂಟಲು ಸರಿಮಾಡಿಕೊಂಡು, “ಇವತ್ತ ನನ್ನ ಶರಣು ನಮ್ಮ ಅತ್ತ್ಯಾರಿಗೆ,” ಎಂದೆ. ಮನೆಯವರ ಕೈಯಲ್ಲಿದ್ದ ನೀರಿನ ತಂಬಿಗೆ ಅಲ್ಲೇ ನಿಂತಿತು. ಮಗಳು ಅಪ್ಪನ ಮುಖ ನೋಡಿದಳು. ಅತ್ತೆ ತಾಟು ಸರಿಸಿ, ನನ್ನ ಹತ್ತಿರ ಜರುಗಿ, ಹಣೆಯ ಮೇಲೆ ಅಂಗೈ ಇಟ್ಟು ನೋಡಿದರು.

“ಯಾಕವ್ವ, ಮೈಯಾಗ ಆರಾಮ ಇಲ್ಲೇನು?”

ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು, ನನ್ನ ಬಾಯಿಂದ ಒಂದು ಒಳ್ಳೆಯ ಮಾತು ಬಂದರೆ ಜ್ವರವಿರಬೇಕು ಎನ್ನುವಷ್ಟು ಅಪರೂಪ ಮಾಡಿಟ್ಟಿದ್ದೇನೆ. ಆರಾಮಿದ್ದೇನೆ ಎಂದರೆ ನಂಬಲಿಲ್ಲ. ಶುಂಠಿ ಕಷಾಯ ಕುದಿಸಿ ತಂದರು. ಎದುರು ಮಾತಾಡದೆ ಕುಡಿದೆ. ಅದು ಅವರ ಅನುಮಾನವನ್ನು ಇನ್ನಷ್ಟು ಗಟ್ಟಿ ಮಾಡಿತು.