ಐದು ಲೀಟರ್ ಟೋಪಿ

ಕೋಪ ಬಂದಾಗ ಉಣ್ಣೆಯಕ್ಕ ಕೂಗಾಡುವುದಿಲ್ಲ, ಹೆಣೆಯುತ್ತಾಳೆ. ಬೀದಿಯವರು ಅವಳಿಗೆ ಆ ಹೆಸರಿಟ್ಟಿದ್ದೇ ಅದಕ್ಕೆ. ಕಡ್ಡಿಗಳ ಟಕಟಕ ಸದ್ದಿನ ಮೇಲೆ ಮನೆಯ ಹವಾಮಾನ ಹೇಳಬಹುದು. ನಿಧಾನವಾಗಿದ್ದರೆ ಕಾಫಿ ಕೇಳಬಹುದು. ಜೋರಾಗಿದ್ದರೆ ಕಾಫಿ ತಾನೇ ಮಾಡಿಕೊಳ್ಳಬೇಕು. ಆದರೆ ಆ ಬುಧವಾರ ಮಧ್ಯಾಹ್ನ ಗಂಡ ಊಟಕ್ಕೆ ಬಂದಾಗ ಅವಳು ಹೆಣೆಯುತ್ತಿರಲಿಲ್ಲ, ಬಿಚ್ಚುತ್ತಿದ್ದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವನು ಇದನ್ನು ನೋಡಿರಲಿಲ್ಲ. ಒಂದು ಚಪ್ಪಲಿ ಬಿಟ್ಟು ಇನ್ನೊಂದನ್ನು ಕಾಲಲ್ಲೇ ಇಟ್ಟುಕೊಂಡ. (ವಾಪಸು ಓಡಬೇಕಾಗಿ ಬಂದರೆ ಅರ್ಧ ಕೆಲಸವಾದರೂ ಮುಗಿದಿರಲಿ ಎಂದು.)

ಅವಳ ಮಡಿಲಲ್ಲಿ ಗಿಳಿಹಸಿರು ಮತ್ತು ಕಿತ್ತಳೆ ಪಟ್ಟೆಯ ಒಂದು ಟೋಪಿ ಸಾಲುಸಾಲಾಗಿ ಪ್ರಾಣ ಬಿಡುತ್ತಿತ್ತು.

"ಅದು ನನ್ನ ತಮ್ಮನ ಟೋಪಿ ಅಲ್ವೇನೇ?"

"ನಿಮ್ಮ ತಮ್ಮಂದಲ್ಲ. ಪಾತ್ರೇದು."

"ಯಾವ ಪಾತ್ರೆ?"

"ಐದು ಲೀಟರಿನ ಪಾತ್ರೆ. ಎರಡು ಕಿವಿ ಇದೆ. ನಿಮ್ಮ ತಮ್ಮನಿಗಿಂತ ಲಕ್ಷಣವಾಗಿ ಕೂತಿತ್ತು."

ಗಂಡನಿಗೆ ಗಡಿಯಾರ ರಿಪೇರಿ ಕೆಲಸ. ಎಂಥ ಕೆಟ್ಟ ಗಡಿಯಾರವನ್ನೂ ಮೊದಲು ಸುಮ್ಮನೆ ಕಿವಿಗಿಟ್ಟು ಕೇಳುತ್ತಾನೆ. ಈಗಲೂ ಹಾಗೇ ಸುಮ್ಮನೆ ಕೂತು ಕೇಳಿದ.

ನಡೆದದ್ದು ಇಷ್ಟು. ಆ ಬೆಳಿಗ್ಗೆ ಉಣ್ಣೆಯಕ್ಕ ಒಂದು ಡಬ್ಬಿ ಹಿಂದಿರುಗಿಸಲು ಪಕ್ಕದ ಬೀದಿಯ ಮೈದುನನ ಮನೆಗೆ ಹೋಗಿದ್ದಳು. ಓರಗಿತ್ತಿ ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದಳು. ಅತ್ತೆ ಒಳಗೆ ಪ್ರಾರ್ಥನೆಗೆ ಕೂತಿದ್ದರು. ಡಬ್ಬಿ ಇಡೋಣವೆಂದು ಅಡುಗೆಮನೆಗೆ ಕಾಲಿಟ್ಟರೆ, ಕಪಾಟಿನ ಮೇಲೆ ಖಾಲಿ ಪಾತ್ರೆಯೊಂದು ಅವಳು ಹೆಣೆದ ಟೋಪಿ ಹಾಕಿಕೊಂಡು, ದೊರೆಯ ಗತ್ತಿನಲ್ಲಿ ಅವಳನ್ನೇ ನೋಡುತ್ತಿತ್ತು. ಟೋಪಿಯೋ, ಧೂಳು ಬೀಳದಿರಲಿ ಎಂದು ಮುಚ್ಚಿದ ಹಳೇ ಬಟ್ಟೆಯ ಹಾಗಿತ್ತು.

ಇಪ್ಪತ್ತೆರಡು ದಿನ ಹೆಣೆದ ಟೋಪಿ ಅದು. "ಈ ಬಣ್ಣ ಇನ್ನು ಬರಲ್ಲಮ್ಮ, ಇದೇ ಕೊನೇ ಉಂಡೆ" ಎಂದು ಅಂಗಡಿಯವನು ಆಣೆ ಮಾಡಿ ಕೊಟ್ಟ ಉಣ್ಣೆ. ಆ ಮಾತನ್ನು ಅವಳು ಕಳೆದ ಚಳಿಗಾಲದಲ್ಲಿ ಮನೆಮಂದಿಗೆಲ್ಲ ಕನಿಷ್ಠ ಮೂರು ಸಲ ಹೇಳಿದ್ದಳು. ಟೋಪಿ ಸ್ವಲ್ಪ ದೊಡ್ಡದಾದದ್ದು ನಿಜ. ಮೈದುನನಿಗೆ ಗುಟ್ಟು ತಿಳಿಯಬಾರದೆಂದು ಅವನ ತಲೆಯ ಬದಲು ಸ್ಕೂಟರಿಗೆ ನೇತುಹಾಕಿದ್ದ ಹೆಲ್ಮೆಟ್ಟಿನ ಅಳತೆ ತೆಗೆದಿದ್ದಳು. ಅದೂ ಹೊರಗಿನ ಅಳತೆ. ಮೈದುನ ಹಾಕಿಕೊಂಡಾಗ ಟೋಪಿ ಹಣೆ, ಕಣ್ಣು, ಮೂಗು ದಾಟಿ ಗಲ್ಲದ ಹತ್ತಿರ ನಿಂತಿತ್ತು. ಒಳಗಿನಿಂದ ಅವನ ದನಿ, "ತುಂಬಾ ಬೆಚ್ಚಗಿದೆ ಅತ್ತಿಗೆ" ಎಂದಿತ್ತು. "ಒಗೆದ್ರೆ ಕುಗ್ಗುತ್ತೆ" ಎಂದು ಇವಳು ಹೇಳಿದ್ದಳು. ಮೂರು ಸಲ ಒಗೆದರು. ಪ್ರತಿ ಸಲವೂ ಅದು ಒಂದು ಬೆರಳು ಬೆಳೆಯಿತು.

"ನಿಮ್ಮ ತಮ್ಮನ ಹೆಂಡ್ತಿ ಮಾಡೋ ದ್ರಾಕ್ಷಿ ಬ್ರೆಡ್ಡನ್ನ ರಜೆಗೆ ಬಂದೋರೆಲ್ಲ ಕಣ್ಣು ಮುಚ್ಚಿ ತಿಂತಾರೆ. 'ಆಹಾ, ಹತ್ತಿ ಹಾಗಿದೆ' ಅಂತಾರೆ. ನಾನು ಹೆಣೆದದ್ದು ಪಾತ್ರೆ ಮುಚ್ಚೋಕೆ," ಎನ್ನುತ್ತ ಉಣ್ಣೆಯಕ್ಕ ಇನ್ನೊಂದು ಸಾಲು ಸರ್ರನೆ ಎಳೆದಳು.

"ಕೇಳಿ ತಂದ್ಯಾ?"

"ನನ್ನ ಕೈಕೆಲಸ ನಾನು ತಗೊಂಡು ಬರೋಕೆ ಯಾರನ್ನ ಕೇಳ್ಬೇಕು?"

(ಕೇಳಿರಲಿಲ್ಲ. ಸೆರಗಿನೊಳಗೆ ಬಚ್ಚಿಟ್ಟುಕೊಂಡು, ಗೇಟು ಕಿರುಗುಟ್ಟದ ಹಾಗೆ ಎತ್ತಿ ಹಿಡಿದು, ಹೊರಗೆ ಬಂದಿದ್ದಳು.)

ಅಂದು ಸಂಜೆ ದೇವರ ಮುಂದೆ ಕೂತು ಕಣ್ಣು ಮುಚ್ಚಿದರೆ ಟೋಪಿ ಹಾಕಿದ ಪಾತ್ರೆಯೇ ಕಾಣಿಸಿತು. ದೇವರಿಗೆ ಅರ್ಧ ನಮಸ್ಕಾರ ಬಾಕಿ ಇಟ್ಟು ಎದ್ದು ಕಡ್ಡಿ ಹಿಡಿದಳು. ದಿನವಿಡೀ ಬಗ್ಗಿ ಬಗ್ಗಿ ಗಂಡನಿಗೆ ಸೊಂಟನೋವು. ಆ ಉಣ್ಣೆಯಲ್ಲೇ ಅವನಿಗೊಂದು ಸೊಂಟಪಟ್ಟಿ ಹೆಣೆಯಬೇಕೆಂದು ತೀರ್ಮಾನಿಸಿದಳು. ಇಪ್ಪತ್ತೆರಡು ದಿನದ ಉಣ್ಣೆ ಸಿಟ್ಟಿನ ವೇಗದಲ್ಲಿ ಎರಡೂವರೆ ದಿನಕ್ಕೆ ಪಟ್ಟಿಯಾಯಿತು. ಶನಿವಾರ ಗಂಡ ಸೊಂಟಕ್ಕೆ ನೋವಿನ ಮುಲಾಮು ಧಾರಾಳವಾಗಿ ಬಳಿದುಕೊಂಡು, ಅದರ ಮೇಲೆ ಪಟ್ಟಿ ಏರಿಸಿ, ಅಂಗಿ ತೊಟ್ಟು, ಕನ್ನಡಿಯ ಮುಂದೆ ನೆಟ್ಟಗೆ ನಿಂತ. ಎಷ್ಟೋ ತಿಂಗಳ ಮೇಲೆ ನೆಟ್ಟಗೆ ನಿಂತಿದ್ದ.

"ನಾಳೆ ನಿಮ್ಮ ತಮ್ಮನ ಮನೇಲಿ ವರ್ಷದ ಬ್ರೆಡ್ಡು. ಅಲ್ಲಿಗೆ ಇದನ್ನ ಹಾಕ್ಕೊಂಡು ಬರಬೇಡಿ."

"ಇದಿಲ್ದೆ ಅಲ್ಲೀವರೆಗೆ ನಡೆಯೋಕೆ ಆಗಲ್ಲ ಕಣೇ."

"ಹಾಗಾದ್ರೆ ಬನ್ನಿ. ಕಂಡ್ರೆ ಕಾಣ್ಲಿ. ನಾನೇನು ಹೆದರ್ತೀನಾ?" ಎಂದಳು. ಭಾನುವಾರ ಮೈದುನನ ಮನೆಯ ಗೇಟಿನ ಹತ್ತಿರ ಬರುತ್ತಿದ್ದಂತೆ ನಿಂತು, ಗಂಡನ ಅಂಗಿಯನ್ನು ಪ್ಯಾಂಟಿನೊಳಗೆ ತುರುಕಿ, ಮೇಲಿಂದ ಸ್ವೆಟರನ್ನು ಎರಡು ಸಲ ಜಗ್ಗಿದಳು.

ಅಲ್ಲಿ ಆಡಬೇಕಾದ ಮಾತನ್ನೂ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದಳು. ಬ್ರೆಡ್ಡಿನ ತಟ್ಟೆ ಮುಂದೆ ಬಂದಾಗ ಕೈ ಅಡ್ಡ ಹಿಡಿದು, ಎಲ್ಲರಿಗೂ ಕೇಳುವ ಹಾಗೆ, "ಕೈಕೆಲಸಕ್ಕೆ ಮರ್ಯಾದೆ ಇಲ್ಲದ ಮನೇಲಿ ನಾನು ಒಂದು ಚೂರೂ ತಿನ್ನಲ್ಲ" ಎನ್ನಬೇಕು. ಆಮೇಲೆ ಎರಡು ನಿಮಿಷ ಮೌನ. ಆಮೇಲೆ ಎಲ್ಲರೂ ಕ್ಷಮೆ ಕೇಳಬೇಕು.

ಆದರೆ ತಟ್ಟೆ ಬರುವ ಲಕ್ಷಣವೇ ಇರಲಿಲ್ಲ. ಹೊರಗೆ ಕೊರೆಯುವ ಚಳಿ. ನಡುಮನೆಯಲ್ಲಿ ಅತ್ತೆ, ಮೈದುನ, ಮಕ್ಕಳು, ಅತ್ತೆಯ ಪ್ರಾರ್ಥನಾ ಕೂಟದ ನಾಲ್ವರು ಹೆಂಗಸರು ಕೂತಿದ್ದರು. ಅಡುಗೆಮನೆಯಲ್ಲಿ ಓರಗಿತ್ತಿ ಹಿಟ್ಟಿನ ಪಾತ್ರೆಯ ಮುಂದೆ, ಜ್ವರ ಬಂದ ಮಗುವಿನ ಪಕ್ಕ ಕೂತವಳ ಹಾಗೆ ಕೂತಿದ್ದಳು. ಪಾತ್ರೆಗೆ ಎರಡು ಟವೆಲ್ಲು, ಒಂದು ಹೊದಿಕೆ ಸುತ್ತಿತ್ತು.

"ಬೆಳಿಗ್ಗೆ ಏಳಕ್ಕೆ ನಾದಿ ಇಟ್ಟೆ ಅಕ್ಕಾ. ಹನ್ನೊಂದಾಯ್ತು. ಎದ್ದೇ ಇಲ್ಲ ನೋಡಿ," ಎಂದು ಹೊದಿಕೆ ಸರಿಸಿದಳು. ಹಿಟ್ಟು ಪಾತ್ರೆಯ ತಳದಲ್ಲಿ ಮುಖ ತಿರುಗಿಸಿಕೊಂಡು ಮಲಗಿತ್ತು. "ಎಲ್ಲಾ ಸರಿಯಾಗೇ ಹಾಕಿದ್ದೀನಿ. ಟೋಪಿ ಒಂದೇ ಇಲ್ಲ."

"ಯಾವ ಟೋಪಿ?" ಎಂದಳು ಉಣ್ಣೆಯಕ್ಕ. ಕೇಳಬಾರದಿತ್ತು.

"ನೀವು ಹೆಣೆದದ್ದೇ. ಈ ಚಳಿಗೆ ಹಿಟ್ಟು ಉಬ್ಬೋದೇ ಇಲ್ಲ ಅಕ್ಕಾ. ನಿಮ್ಮ ಟೋಪಿ ಹಾಕಿದ್ರೆ ಎರಡೇ ಗಂಟೆ, ಪಾತ್ರೆ ತುಂಬ ಎದ್ದು ನಿಲ್ಲುತ್ತೆ. ಈ ಪಾತ್ರೆಗೇ ಅಳತೆ ತೆಗೆದ ಹಾಗಿದೆ. ಬೇರೆ ಯಾವುದಕ್ಕೂ ಮುಟ್ಟಿಸಲ್ಲ ನಾನು. ಇವರು ಚಳಿ ಅಂದ್ರೂ ಕೊಡಲ್ಲ. ಬುಧವಾರದಿಂದ ಹುಡುಕ್ತಾ ಇದ್ದೀನಿ."

ನಡುಮನೆಯಿಂದ ಅತ್ತೆ ದನಿ ಸೇರಿಸಿದರು. "ಹೋದ ವರ್ಷ ಎಲ್ಲರೂ ಹೊಗಳಿದ್ದಾಗ ಇವಳು ಏನಂದ್ಲು ಗೊತ್ತೇನಮ್ಮ? ಅರ್ಧ ಹೊಗಳಿಕೆ ಅಕ್ಕನಿಗೆ ಸೇರ್ಬೇಕು ಅಂದ್ಲು. ನೀನು ಬಾಗಿಲಾಚೆ ಚಪ್ಪಲಿ ಹುಡುಕ್ತಾ ಇದ್ದೆ, ಕೇಳಿಸ್ಲಿಲ್ಲ."

ಉಣ್ಣೆಯಕ್ಕ ಹೊದಿಕೆಯನ್ನು ಮತ್ತೆ ಹಿಟ್ಟಿನ ಮೇಲೆ ಎಳೆದಳು. ಬಾಯಿಪಾಠ ಮಾಡಿದ ಮಾತು ಒಂದೊಂದೇ ಸಾಲು ಬಿಚ್ಚಿಕೊಂಡಿತು. ಓರಗಿತ್ತಿ ಕೆಟ್ಟವಳಾಗಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು ಎಂದು ಅವಳಿಗೆ ನಿಜವಾಗಿ ಸಿಟ್ಟು ಬಂತು. ಸರಿ, ಸುಮ್ಮನಿರೋಣ, ಮನೆಗೆ ಹೋಗಿ ದೇವರಿಗೆ ಬಾಕಿ ನಮಸ್ಕಾರ ಒಪ್ಪಿಸಿ, ಹೊಸ ಟೋಪಿ ಹೆಣೆದರಾಯಿತು ಎಂದುಕೊಳ್ಳುವಷ್ಟರಲ್ಲಿ ಅತ್ತೆ, "ಮೇಲಿನ ಕಪಾಟಲ್ಲಿ ದಪ್ಪ ಕಂಬಳಿ ಇದೆ, ಯಾರಾದ್ರೂ ಇಳಿಸ್ರೋ" ಎಂದರು.

ಸೊಂಟ ನೆಟ್ಟಗಾದ ಸಂಭ್ರಮದಲ್ಲಿ ಗಂಡ ಮುಂದೆ ಬಂದ. "ರೀ, ನೀವು ಬೇಡ" ಎಂದು ಉಣ್ಣೆಯಕ್ಕ ಹೇಳುವ ಮೊದಲೇ ಎರಡೂ ಕೈ ಮೇಲೆತ್ತಿದ. ಸ್ವೆಟರು ಮೇಲೆ ಹೋಯಿತು. ಅಂಗಿ ಅದರ ಹಿಂದೆಯೇ ಹೋಯಿತು. ಗಿಳಿಹಸಿರು, ಕಿತ್ತಳೆ, ಗಿಳಿಹಸಿರು.

ಮೈದುನ ಬಗ್ಗಿ ನೋಡಿದ. "ಅಣ್ಣಾ, ನಿನ್ನ ಸೊಂಟದಲ್ಲಿರೋದು ನನ್ನ ತಲೆ ಅಲ್ವಾ?"

"ಅದು... ಉಳಿದಿದ್ದ ಉಣ್ಣೆ," ಎಂದಳು ಉಣ್ಣೆಯಕ್ಕ.

"ಇದೇ ಕೊನೇ ಉಂಡೆ ಅಂದಿದ್ರಲ್ಲ ಅತ್ತಿಗೆ? ಮೂರು ಸಲ."

ಅವಳು ಎಣಿಸಿದ್ದ ಎರಡು ನಿಮಿಷದ ಮೌನ ಬಂದೇ ಬಂತು. ಗಂಡ ಕೈ ಮೇಲೆತ್ತಿದವನು ಹಾಗೇ, ಪೊಲೀಸರಿಗೆ ಸಿಕ್ಕವನಂತೆ ನಿಂತಿದ್ದ.

ಕೊನೆಗೆ ಓರಗಿತ್ತಿಯೇ, "ಅಯ್ಯೋ, ಒಗೆದೂ ಒಗೆದೂ ಅಗಲ ಆಗಿತ್ತಲ್ಲ, ಸರಿಮಾಡೋಕೆ ಒಯ್ದಿದ್ದೀರಿ ಅಲ್ವಾ ಅಕ್ಕಾ? ಭಾವ ಬರೀ ಅಳತೆ ನೋಡೋಕೆ ಹಾಕ್ಕೊಂಡಿದ್ದಾರೆ," ಎಂದಳು.

"ಹೂಂ," ಎಂದಳು ಉಣ್ಣೆಯಕ್ಕ. ಅಷ್ಟು ಚಿಕ್ಕ ಮಾತನ್ನು ಅವಳು ಅಷ್ಟು ಕಷ್ಟಪಟ್ಟು ಎಂದೂ ಆಡಿರಲಿಲ್ಲ.

"ಹಾಗಾದ್ರೆ ಬಿಚ್ಚೋ," ಎಂದರು ಅತ್ತೆ ಮಗನಿಗೆ.

ಗಂಡ ಬಚ್ಚಲಿಗೆ ಹೋಗಿ ಬಂದ. ಬರುವಾಗ ಮತ್ತೆ ಬಗ್ಗಿದ್ದ. ಬೆಚ್ಚಗಿದ್ದ ಪಟ್ಟಿ ಪಾತ್ರೆಗೆ ಸರಕ್ಕನೆ ಇಳಿದು, ಎರಡು ಕಿವಿಗಳ ಕೆಳಗೆ ಒಪ್ಪವಾಗಿ ಕೂತಿತು. ಮೇಲೆ ತಟ್ಟೆ, ಅದರ ಮೇಲೆ ಕಂಬಳಿ. ಮುಲಾಮಿನ ವಾಸನೆ ಅಡುಗೆಮನೆಯನ್ನು ಒಂದು ಸುತ್ತು ಹಾಕಿ, ಪಾತ್ರೆಯ ಹತ್ತಿರ ಬಂದು ನೆಲೆಸಿತು. ಉಣ್ಣೆಯಕ್ಕ ಗಂಡನನ್ನು ನೋಡಿದಳು. ಗಂಡ ಗೋಡೆಯ ಗಡಿಯಾರ ನೋಡಿದ.

ಎರಡೇ ಗಂಟೆ. ಹಿಟ್ಟು ಪಾತ್ರೆ ತುಂಬಿ ತಟ್ಟೆಯನ್ನೇ ಎತ್ತಿತು. ನಾಲ್ಕಕ್ಕೆ ಓವನ್ನಿನಿಂದ ಹೊರಬಂದ ಬ್ರೆಡ್ಡು ಹೊಂಬಣ್ಣಕ್ಕೆ ತಿರುಗಿ, ದ್ರಾಕ್ಷಿಗಳನ್ನು ಒಡವೆಯಂತೆ ತೊಟ್ಟು, ನಡುಮನೆಗೆ ಬಂತು. ಉಣ್ಣೆಯಕ್ಕ ಮೆಲ್ಲನೆ ಎದ್ದು ಬಾಗಿಲ ಕಡೆ ಹೊರಟಳು.

"ಎಲ್ಲಿಗೆ? ಕೂತ್ಕೋ," ಎಂದರು ಅತ್ತೆ. "ಈ ಸಲ ಮೊದಲನೇ ಹೋಳು ಟೋಪಿ ಹೆಣೆದೋಳಿಗೆ."

ತಟ್ಟೆಯಲ್ಲಿ ದಪ್ಪನೆಯ ಹೋಳು ಬಂತು. ಹತ್ತು ಜೊತೆ ಕಣ್ಣು ಅವಳ ಬಾಯಿಯನ್ನೇ ನೋಡುತ್ತಿದ್ದವು. ಇಡೀ ವರ್ಷ ಅವಳು ಕಾದದ್ದು ಇದಕ್ಕೇ. ಕಚ್ಚಿದಳು. ಹತ್ತಿಯಂತೆ ಮೆತ್ತಗಿತ್ತು. ಅಗಿಯುತ್ತಿದ್ದಂತೆ ಮೂಗಿನೊಳಗೆ ತಣ್ಣನೆ ಗಾಳಿ ಬೀಸಿ, ಶನಿವಾರ ಮುಲಾಮು ಮೆತ್ತಿದ ಗಂಡನ ಸೊಂಟ ಕಣ್ಣಮುಂದೆ ಬಂದು ನಿಂತಿತು. ನುಂಗಿದಳು.

"ಹೇಗಿದೆ ಅಕ್ಕಾ?"

"ಚೆನ್ನಾಗಿದೆ," ಎಂದಳು. ಕಣ್ಣಲ್ಲಿ ನೀರು ಬಂದಿತ್ತು. ಓರಗಿತ್ತಿ ಅದನ್ನು ಪ್ರೀತಿಯೆಂದುಕೊಂಡು ಇನ್ನೊಂದು ಹೋಳು ಹಾಕಿದಳು.

ಪ್ರಾರ್ಥನಾ ಕೂಟದ ಹಿರಿಯಾಕೆ ಕಣ್ಣು ಮುಚ್ಚಿ ಅಗಿದರು. "ಈ ವರ್ಷ ಏನೋ ಹೊಸ ಪರಿಮಳ. ಮೂಗು ಕಟ್ಟಿದ್ದೂ ಬಿಟ್ಟುಹೋಯ್ತು. ಏನು ಹಾಕಿದ್ಯಮ್ಮ?"

"ಗೊತ್ತಿಲ್ಲ, ಅಕ್ಕನ ಕೈಗುಣ," ಎಂದಳು ಓರಗಿತ್ತಿ.

ಅತ್ತೆ ಕೈ ಮುಗಿದು, "ಮುಂದಿನ ವರ್ಷವೂ ಇದೇ ಪರಿಮಳ ಇರಲಪ್ಪ ದೇವರೇ" ಎಂದರು.

ಹೊಟ್ಟೆ ಸರಿಯಿಲ್ಲವೆಂದು ಹೇಳಿ ಒಂದು ಚೂರೂ ಮುಟ್ಟದೆ ಕೂತಿದ್ದ ಗಂಡ, ಹೆಂಡತಿಯ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದ.

"ಹೆದರಬೇಡ. ಮುಲಾಮು ಇನ್ನೂ ಅರ್ಧ ಡಬ್ಬಿ ಉಳಿದಿದೆ."